ಡ್ವಾರ್ಫ್ ಲಯನ್‌ಫಿಶ್ ಮನೆಗೆ ತರುವ ಮೊದಲು ಇದನ್ನು ಓದಿ

ಕಾಸರಗೋಡು, ಕುಂಬಳೆ, ಉಪ್ಪಳದ ಕಡೆ ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟವರು, ಇಡಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. "ಇದು ಸಣ್ಣ ಜಾತಿ, ವಿಷವೂ ಕಡಿಮೆ, ಮಕ್ಕಳಿರುವ ಮನೆಗೂ ತೊಂದರೆಯಿಲ್ಲ" ಎಂದು ಹೇಳಿ ಒಬ್ಬರು ನನ್ನ ಅಣ್ಣನಿಗೆ ಡ್ವಾರ್ಫ್ ಲಯನ್‌ಫಿಶ್ ಎಂಬ ವಿಷಮುಳ್ಳಿನ ಕಡಲಮೀನು ಮಾರಿದರು. ಆ ಮಾತಿನಲ್ಲಿ ನಿಜವಿದ್ದದ್ದು ಸಣ್ಣ ಜಾತಿ ಎಂಬುದಷ್ಟೇ. ದೊಡ್ಡ ಲಯನ್‌ಫಿಶ್ ಒಂದಡಿಗಿಂತ ಉದ್ದ ಬೆಳೆಯುತ್ತದೆ. ಝೀಬ್ರಾ, ಫಜ್ಜಿ ಎಂದು ಮಾರುವ ಈ ಡ್ವಾರ್ಫ್‌ಗಳು 15–20 ಸೆಂಟಿಮೀಟರಿಗೆ ನಿಲ್ಲುತ್ತವೆ. ಆದರೆ ವಿಷದ ಮುಳ್ಳುಗಳು ಇದಕ್ಕೂ ಇವೆ, ಹಸಿವೂ ಅಷ್ಟೇ ಇದೆ.

ಆಟಿ ತಿಂಗಳ ಜಡಿಮಳೆಗೆ ಒಂದು ರಾತ್ರಿ ಕರೆಂಟು ಹೋಯಿತು. ಪಂಪು ನಿಂತರೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆಂದು ಅಣ್ಣನ ಮಗ ಬ್ಯಾಟರಿಯ ಏರ್‌ಪಂಪು ತಂದು, ಅದರ ಗುಳ್ಳೆ ಬಿಡುವ ಕಲ್ಲನ್ನು ಬಂಡೆಯ ಹಿಂದೆ ಇಡಲು ಕೈ ಹಾಕಿದ. ಮೀನು ಅದೇ ಬಂಡೆಯ ಅಡಿಯಲ್ಲಿ ತಲೆಕೆಳಗಾಗಿ ಅಂಟಿಕೊಂಡಿತ್ತು. ಡ್ವಾರ್ಫ್‌ಗಳ ಸ್ವಭಾವವೇ ಅದು: ಹೆಚ್ಚಿನ ಹೊತ್ತು ಸಂದಿಯಲ್ಲಿ ಕೂರುತ್ತವೆ, ಮೈಬಣ್ಣ ಕಲ್ಲಿನ ಜತೆ ಬೆರೆತುಹೋಗುತ್ತದೆ. ಬೆದರಿದಾಗ ಓಡುವುದಕ್ಕಿಂತ ಬೆನ್ನನ್ನೇ ಎದುರಿಗೆ ತಿರುಗಿಸಿ ನಿಲ್ಲುತ್ತವೆ. ಹುಡುಗನ ತೋರುಬೆರಳಿಗೆ ಆ ಬೆನ್ನಿನ ಮುಳ್ಳು ನೆಟ್ಟಿತು.

ಎಲ್ಲರೂ ಹೆದರುವುದು ಬೀಸಣಿಗೆಯಂತೆ ಬಿಚ್ಚುವ ಆ ಚಂದದ ರೆಕ್ಕೆಗಳಿಗೆ. ಅವುಗಳಲ್ಲಿ ವಿಷವಿಲ್ಲ. ವಿಷವಿರುವುದು ಬೆನ್ನಿನ 13 ಮುಳ್ಳುಗಳಲ್ಲಿ, ಹೊಟ್ಟೆಯಡಿಯ ಎರಡರಲ್ಲಿ, ಬಾಲದ ಹತ್ತಿರ ಕೆಳಗಿರುವ ಮೂರರಲ್ಲಿ. ಪ್ರತಿ ಮುಳ್ಳಿನ ಉದ್ದಕ್ಕೂ ಕಾಲುವೆಯಂಥ ಗೀರು, ಅದರಲ್ಲಿ ವಿಷದ ಗ್ರಂಥಿ, ಮೇಲೊಂದು ತೆಳು ಚರ್ಮ. ಮುಳ್ಳು ಮೈಗೆ ಹೊಕ್ಕಾಗ ಚರ್ಮ ಹಿಂದಕ್ಕೆ ಸರಿದು ಗ್ರಂಥಿ ಅದುಮಿಕೊಳ್ಳುತ್ತದೆ, ವಿಷ ಆ ಗೀರಿನಲ್ಲೇ ಹರಿದು ಗಾಯಕ್ಕೆ ಇಳಿಯುತ್ತದೆ.

ಸ್ವಲ್ಪ ಹೊತ್ತಿನಲ್ಲೇ ಬೆರಳು ನೀಲಿಗಟ್ಟಿತು, ಬಾವು ಮಣಿಕಟ್ಟಿನವರೆಗೆ ಏರಿತು. ಹುಡುಗ ಬೆವರಿ, ವಾಕರಿಸಿ, ನೋವಿಗೆ ನೆಲದಲ್ಲಿ ಉರುಳಾಡಿದ. ಮಾರಿದವರಿಗೆ ಫೋನ್ ಮಾಡಿದರೆ "ಐಸ್ ಇಡಿ, ಕಣಜ ಕಚ್ಚಿದ ಹಾಗೆ, ಇಳಿಯುತ್ತದೆ" ಎಂದರು. ಐಸ್ ಇಟ್ಟರೂ ನೋವು ಏರುತ್ತಲೇ ಹೋಯಿತು. ಗಲಾಟೆ ಕೇಳಿ ಬಂದ ಪಕ್ಕದ ಮನೆಯ ಅಜ್ಜ, ವರ್ಷಗಟ್ಟಲೆ ದೋಣಿಯಲ್ಲಿ ದುಡಿದವರು, ನೋಡಿದ ಕೂಡಲೇ ಹೇಳಿದರು: "ಐಸ್ ತೆಗೀರಿ ಮಾರಾಯ್ರೇ. ತೊರಕೆ ಮೀನಿನ ಮುಳ್ಳು ತಾಗಿದರೆ ನಾವು ಬಿಸಿನೀರಿಗೇ ಕೈ ಹಾಕುವುದು."

ಅಜ್ಜ ಹೇಳಿದ್ದೇ ಸರಿ. ಈ ವಿಷ ಪ್ರೋಟೀನ್, ಶಾಖಕ್ಕೆ ಕೆಡುತ್ತದೆ. ಕಣ್ಣಿಗೆ ಕಾಣುವ ಮುಳ್ಳಿನ ಚೂರಿದ್ದರೆ ತೆಗೆದು, ಗಾಯ ತೊಳೆದು, ತಡೆಯುವಷ್ಟು ಬಿಸಿಯ ನೀರಿನಲ್ಲಿ ಕೈ ಮುಳುಗಿಸಿಡಬೇಕು. 45 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಚುಚ್ಚಿಸಿಕೊಂಡವರಿಗೆ ನೋವಿನಲ್ಲಿ ಬಿಸಿ ಗೊತ್ತಾಗದೆ ಕೈ ಸುಟ್ಟುಹೋಗಬಹುದು, ಹಾಗಾಗಿ ನೀರನ್ನು ಇನ್ನೊಬ್ಬರು ಮುಟ್ಟಿ ನೋಡಬೇಕು. ತಣಿದಂತೆಲ್ಲ ಬಿಸಿ ಸೇರಿಸುತ್ತಾ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಹೀಗೆ ಇಡಬೇಕು. ಆಮೇಲೆ ಆಸ್ಪತ್ರೆ: ಟಿಟಿ ಇಂಜೆಕ್ಷನ್, ಒಳಗೆ ಚೂರು ಉಳಿದಿದೆಯೇ ಎಂಬ ಪರೀಕ್ಷೆ. ಉಸಿರಾಟ ಕಷ್ಟವಾದರೆ, ತಲೆಸುತ್ತಿ ಬಿದ್ದರೆ ಬಿಸಿನೀರಿಗೆಂದೂ ಕಾಯದೆ ಹೊರಡಿ. ನಮ್ಮ ಹುಡುಗನ ನೋವು ಬಿಸಿನೀರಿಗೆ ಇಟ್ಟ ಮೇಲೆಯೇ ಇಳಿಯತೊಡಗಿತು. ಬೆರಳು ಸರಿಯಾಗಿ ಮಡಚಲು ಮಾತ್ರ ಬಹಳ ದಿನ ಹಿಡಿಯಿತು.

ಮೀನಿಗೂ ಅನ್ಯಾಯವಾಯಿತು, ಅದನ್ನೂ ಹೇಳಲೇಬೇಕು. ಟ್ಯಾಂಕ್, ನೀರು, ಮೀನು ಎಲ್ಲವನ್ನೂ ಮಾರಿದ ಆ ಮನುಷ್ಯ ಒಂದೇ ದಿನ ತಂದು ಜೋಡಿಸಿ ಹೋಗಿದ್ದರು. ಹೊಸ ಟ್ಯಾಂಕಿನಲ್ಲಿ ಮೀನಿನ ಕಸದ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮಾಂಸ ತಿಂದು ಹೆಚ್ಚು ಗಲೀಜು ಮಾಡುವ ಈ ಮೀನಿಗಂತೂ ಆ ಕಾಯುವಿಕೆ ತಪ್ಪಿಸುವಂತಿಲ್ಲ. ಒಂದಕ್ಕೇ 110–120 ಲೀಟರ್ ನೀರು ಬೇಕು.

ನೀರು ತಂದದ್ದು ಅಳಿವೆಯ ಹತ್ತಿರದ ಕಡಲಿನಿಂದ, ಅದೂ ಮಳೆಗಾಲದಲ್ಲಿ. ಚಂದ್ರಗಿರಿ, ಮೊಗ್ರಾಲ್, ಶಿರಿಯ ಹೊಳೆಗಳು ಕೆಂಪಾಗಿ ಕಡಲು ಸೇರುವ ಹೊತ್ತಿಗೆ ದಡದ ನೀರಿನ ಉಪ್ಪು ಇಳಿದಿರುತ್ತದೆ, ಮಣ್ಣು ಕೊಳಕು ಸೇರಿರುತ್ತದೆ. ಕಡಲು ಮನೆಮುಂದೆಯೇ ಇದ್ದರೂ ಅಳೆಯದೆ ಆ ನೀರು ಹಾಕಬೇಡಿ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರಬೇಕಾದದ್ದು. ಅಕ್ವೇರಿಯಂಗೆಂದೇ ಸಿಗುವ ಉಪ್ಪನ್ನು ಆರ್‌ಒ ನೀರಿನಲ್ಲಿ ಕಲಸುವುದು ದುಬಾರಿಯಾದರೂ ನಂಬಿಕೆಯ ದಾರಿ.

ತಿನ್ನಿಸಲು ಗೋಲ್ಡ್‌ಫಿಶ್ ಕೊಡಿ ಎಂದಿದ್ದರು. ಅದರಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಥಯಾಮಿನೇಸ್ ಇದೆ. ಸಿಹಿನೀರಿನ ಮೀನಿನ ಕೊಬ್ಬೂ ಕಡಲಮೀನಿಗೆ ಹೊಂದುವುದಿಲ್ಲ. ದಿನಾ ಅದನ್ನೇ ಕೊಟ್ಟರೆ ನಿಧಾನವಾಗಿ ಸೊರಗುತ್ತದೆ. ಜೀವಂತ ಸಿಗಡಿಯಿಂದ ಆರಂಭಿಸಿ, ಉದ್ದ ಇಕ್ಕಳದಲ್ಲಿ ಹಿಡಿದು ಆಡಿಸುತ್ತಾ ಸತ್ತ ಸಿಗಡಿ, ಬೊಂಡಾಸದ (ಸ್ಕ್ವಿಡ್) ತುಂಡಿಗೆ ರೂಢಿಮಾಡಬೇಕು. ಬೆಳೆದ ಮೀನಿಗೆ ವಾರದಲ್ಲಿ ಎರಡು ಮೂರು ಸಲ ಸಾಕು. ಜತೆಗಿದ್ದ ಕ್ಲೌನ್‌ಫಿಶ್ ಮರಿ ಬೆಳಗಾಗುವಾಗ ಇರಲಿಲ್ಲ; ಬಾಯಿಗೆ ಹಿಡಿಸುವ ಯಾವುದನ್ನೂ ಇದು ಬಿಡುವುದಿಲ್ಲ.

ಕೊನೆಗೆ ಮೀನು ಸತ್ತಿತು. ಸತ್ತ ಮೇಲೂ ಮುಳ್ಳಿನಲ್ಲಿ ವಿಷವಿರುತ್ತದೆ, ಆ ಮುಳ್ಳು ಪ್ಲಾಸ್ಟಿಕ್ ಚೀಲವನ್ನೂ ಸಾಧಾರಣ ಗ್ಲೌಸನ್ನೂ ತೂರಿ ಬರುತ್ತದೆ. ಜೀವಂತವಿರಲಿ ಸತ್ತಿರಲಿ, ಬಲೆಯಲ್ಲಿ ಹಿಡಿಯದೆ ಗಟ್ಟಿ ಡಬ್ಬಿಯಲ್ಲಿ ಎತ್ತಿ. ಸಾಕಲಾಗದೆ ಕಡಲಿಗೆ ಬಿಡುವ ಯೋಚನೆಯಂತೂ ಬೇಡ, ಟ್ಯಾಂಕಿನ ರೋಗಗಳೂ ಜತೆಗೆ ಹೋಗುತ್ತವೆ. ನಮ್ಮ ಕಡೆಯ ಸಾಗರಗಳ ದೊಡ್ಡ ಲಯನ್‌ಫಿಶ್ 1985ರಲ್ಲಿ ಅಮೆರಿಕದ ಫ್ಲೋರಿಡಾ ಕರಾವಳಿಯಲ್ಲಿ ಕಂಡಿತ್ತು. ಇಂದು ಕೆರಿಬಿಯನ್ ತುಂಬ ಹರಡಿ ಅಲ್ಲಿನ ಮರಿಮೀನುಗಳನ್ನು ನುಂಗುತ್ತಿದೆ.

ಇಷ್ಟಾದರೂ ಸಾಕಲೇಬೇಕೆಂದರೆ, ನಿಮ್ಮ ಕಣ್ಣೆದುರು ತಿನ್ನಿಸಿ ತೋರಿಸದ ಮೀನನ್ನು ಕೊಳ್ಳಬೇಡಿ. ಚುಚ್ಚಿದರೆ ಏನು ಮಾಡಬೇಕೆಂದು ಮಾರುವವರನ್ನು ಕೇಳಿ; ಐಸ್ ಎಂದರೆ ಅಲ್ಲಿಂದ ಎದ್ದು ಬನ್ನಿ. ಮಕ್ಕಳು ತೆರೆಯಲಾಗದ ಮುಚ್ಚಳ ಹಾಕಿಸಿ. ಟಾರ್ಚ್ ಹಿಡಿದು ಮೀನು ಎಲ್ಲಿದೆಯೆಂದು ಕಣ್ಣಾರೆ ಕಂಡ ಮೇಲೆಯೇ ನೀರಿಗೆ ಕೈ ಹಾಕಿ, ಮನೆಯಲ್ಲಿ ಒಬ್ಬರೇ ಇರುವಾಗ ಹಾಕಲೇಬೇಡಿ.