ತೊಡೆಯ ಅಲ್ಟ್ರಾಸೌಂಡೋ, ಕೈ ಹಿಡಿತದ ಪರೀಕ್ಷೆಯೋ?

ವಯಸ್ಸಾದವರ ಶಕ್ತಿ ಕುಂದುತ್ತಿದೆಯೇ ಎಂದು ತಿಳಿಯಲು ಯಾವ ಪರೀಕ್ಷೆ ಒಳ್ಳೆಯದು? ಎದ್ದು ಓಡಾಡುವವರಾದರೆ ಮೊದಲು ಹಿಡಿತ ಮತ್ತು ನಡಿಗೆ ನೋಡಿ. 2001ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಅವರ ತಂಡ ಇಂಥ ದುರ್ಬಲತೆಗೆ ಐದು ಲಕ್ಷಣ ಹೇಳಿತು: ತೂಕ ಇಳಿಯುವುದು, ಸುಸ್ತು, ಸಡಿಲ ಹಿಡಿತ, ನಿಧಾನ ನಡಿಗೆ, ಕಡಿಮೆ ಓಡಾಟ. ಮೂರಿದ್ದರೆ ಎಚ್ಚರವಾಗಬೇಕು. ಸುಸ್ತನ್ನು ಯಾವ ಸ್ಕ್ಯಾನೂ ತೋರಿಸಲ್ಲ, ಅಲ್ವಾ? ಏಷ್ಯಾದವರಿಗೆ 2019ರಲ್ಲಿ ಒಪ್ಪಿದ ಗಡಿ ಇದು: ಹಿಡಿತ ಅಳೆಯುವ ಉಪಕರಣವನ್ನು ಕೈಯಲ್ಲಿ ಹಿಂಡಿದಾಗ ಗಂಡಸರ ಹಿಡಿತ 28 ಕಿಲೋ, ಹೆಂಗಸರದು 18 ಕಿಲೋ. ಅದಕ್ಕಿಂತ ಕಡಿಮೆಯಿದ್ದರೆ ಬಲ ಕುಗ್ಗಿದೆ ಎಂದರ್ಥ.

ಆದರೆ ಹಾಸಿಗೆ ಹಿಡಿದವರನ್ನು ನಡೆಸುವುದು ಹೇಗೆ? ಮರೆವಿನ ಕಾಯಿಲೆಯವರಿಗೆ ‘ಜೋರಾಗಿ ಹಿಡಿಯಿರಿ’ ಎಂದರೆ ಅರ್ಥವಾಗದೇ ಇರಬಹುದು. ಬೆರಳಿನ ಕೀಲು ನೋಯುತ್ತಿದ್ದರೂ ಹಿಡಿತ ಕಡಿಮೆ ಬರುತ್ತದೆ. ಇಲ್ಲಿ ಅಲ್ಟ್ರಾಸೌಂಡ್ ನಿಜವಾಗಿ ನೆರವಾಗುತ್ತದೆ. ಯಂತ್ರವೇ ಮಂಚದ ಹತ್ತಿರ ಬರುತ್ತದೆ, ವಿಕಿರಣವಿಲ್ಲ. ತೊಡೆಯ ಮುಂಭಾಗಕ್ಕೆ ಜೆಲ್ ದಪ್ಪಗೆ ಹಚ್ಚಿ, ಪ್ರೋಬನ್ನು (ಯಂತ್ರದ ಕೈಹಿಡಿಯ ಭಾಗವನ್ನು) ಸುಮ್ನೆ ತಾಗಿಸಬೇಕು. ಒತ್ತಿದರೆ ಸ್ನಾಯು ಚಪ್ಪಟೆಯಾಗಿ, ಇರುವುದಕ್ಕಿಂತ ತೆಳ್ಳಗೆ ಕಾಣುತ್ತದೆ. ದಪ್ಪವಷ್ಟೇ ಅಲ್ಲ, ತೆರೆಯ ಮೇಲೆ ಕಾಣುವ ಬಣ್ಣವೂ ಮುಖ್ಯ. ಒಳ್ಳೆಯ ಸ್ನಾಯು ಕಪ್ಪಗೆ ಕಾಣುತ್ತದೆ. ಕೊಬ್ಬು, ನಾರು ಸೇರಿಕೊಂಡಷ್ಟೂ ಬೆಳ್ಳಗಾಗುತ್ತದೆ.

ತೊಂದರೆಯೆಂದರೆ, ಇಷ್ಟು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ದುರ್ಬಲ ಎಂಬ, ಎಲ್ಲರೂ ಒಪ್ಪಿದ ಗಡಿ ಇನ್ನೂ ಇಲ್ಲ. ಹಾಗಾಗಿ ಒಂದೇ ಸ್ಕ್ಯಾನಿನಿಂದ ತೀರ್ಮಾನಕ್ಕೆ ಬರಬೇಡಿ. ಅದೇ ಜಾಗದಲ್ಲಿ, ಸಾಧ್ಯವಾದರೆ ಅದೇ ವ್ಯಕ್ತಿಯಿಂದ, ಮತ್ತೆ ಅಳತೆ ಮಾಡಿಸಿ. ಎಕ್ಸ್-ರೇಯಿಂದ ಮೂಳೆ, ಕೊಬ್ಬು, ಸ್ನಾಯು ಅಳೆಯುವ ಡೆಕ್ಸಾ ಸ್ಕ್ಯಾನ್? ಇಡೀ ದೇಹದ ಲೆಕ್ಕ ಬೇಕಿದ್ದರೆ ಸರಿ, ಆದರೆ ಕಾಲು ಊದಿಕೊಂಡಿದ್ದರೆ ಆ ನೀರೂ ಸ್ನಾಯುವಿನ ಲೆಕ್ಕಕ್ಕೆ ಸೇರಬಹುದು.