ಹದಡಿ ರಸ್ತೆಯ ಆಟೋ ಎಲೆಕ್ಟ್ರಿಕಲ್ ಅಂಗಡಿ: ಕೀ ಬದಲಿಸುವ ಮೊದಲು ಇಲ್ಲಿ ತೋರಿಸಿ

ಕೀ ಜೇಬಿನಲ್ಲಿದ್ದರೆ ಹಿಡಿಕೆಯ ಗುಂಡಿ ಒತ್ತಿದ ಕೂಡಲೇ ತೆರೆಯಬೇಕಾದ ನಮ್ಮ ಕಾರಿನ ಚಾಲಕನ ಬಾಗಿಲು, ಎರಡು ತಿಂಗಳಿನಿಂದ ಒಮ್ಮೆ ತೆರೆದರೆ ನಾಲ್ಕು ಸಲ ಸುಮ್ಮನಿರುತ್ತಿತ್ತು. ಮೊದಲು ತೋರಿಸಿದ ಸರ್ವಿಸ್ ಸೆಂಟರಿನವರು ಏನನ್ನೂ ಪರೀಕ್ಷಿಸದೆ, ಸ್ಮಾರ್ಟ್ ಕೀಯನ್ನೇ ಬದಲಿಸಬೇಕೆಂದು 9,000 ರೂಪಾಯಿಯ ಅಂದಾಜು ಪಟ್ಟಿ ಕೊಟ್ಟರು. ದಾವಣಗೆರೆಯ ಹದಡಿ ರಸ್ತೆಯ ಈ ಚಿಕ್ಕ ಅಂಗಡಿಗೆ ಹೋದದ್ದು ಆಮೇಲೆ.

"ಇನ್ನೊಂದು ಕೀ ತಂದೀರೇನ್ರಿ ಸರ್?" ಎಂಬುದು ಯಜಮಾನರ ಮೊದಲ ಪ್ರಶ್ನೆ. ಎರಡನೆಯ ಕೀಯಲ್ಲೂ ಅದೇ ತೊಂದರೆ ಕಂಡಿತು. ಎಡಗಡೆಯ ಮುಂಬಾಗಿಲು ಮಾತ್ರ ಎರಡಕ್ಕೂ ತಪ್ಪದೆ ತೆರೆಯಿತು. ಹಿಡಿಕೆಯ ಗುಂಡಿ ಒತ್ತಿದಾಗ ಅಲ್ಲಿನ ಆಂಟೆನಾ ಸುಮಾರು 125 ಕಿಲೋಹರ್ಟ್ಸ್ ಸಂಕೇತದಿಂದ ಹತ್ತಿರದ ಕೀಯನ್ನು ಎಚ್ಚರಿಸುತ್ತದೆ, ಕೀ 433 ಮೆಗಾಹರ್ಟ್ಸ್‌ನಲ್ಲಿ ತನ್ನ ಗುರುತನ್ನು ಕಳಿಸುತ್ತದೆ. ಎಡಬಾಗಿಲಿನಲ್ಲಿ ಇದೆಲ್ಲ ನಡೆಯುತ್ತಿದ್ದುದರಿಂದ ಕೀ ಮತ್ತು ಅದರ ಸಂಕೇತ ಹಿಡಿಯುವ ಕಾರಿನ ರಿಸೀವರ್ ಸರಿಯಿದ್ದವು. ಕೀಯ ಮೇಲಿನ ರಿಮೋಟ್ ಗುಂಡಿಗೆ ಚಾಲಕನ ಬಾಗಿಲೂ ತೆರೆಯುತ್ತಿದ್ದುದರಿಂದ ಲಾಕ್ ಮೋಟಾರಿನಲ್ಲೂ ದೋಷವಿರಲಿಲ್ಲ. ಹಾಗಾಗಿ ಅನುಮಾನ ಉಳಿದದ್ದು ಆ ಒಂದು ಹಿಡಿಕೆ ಮತ್ತು ಅದರ ವೈರುಗಳ ಮೇಲೆ.

ಆದರೂ ಅವರು ಕೀಯೊಳಗಿನ ಬಿಲ್ಲೆಯಂಥ ಸೆಲ್ ಅಳೆಯುವುದನ್ನು ಬಿಡಲಿಲ್ಲ. ಹಳೆಯ ಸಿಆರ್2032 ಸೆಲ್ ಸುಮ್ಮನಿದ್ದಾಗ 3 ವೋಲ್ಟ್ ತೋರಿಸಿ, ಸಂಕೇತ ಕಳಿಸುವ ಕ್ಷಣದಲ್ಲಿ ಕುಸಿಯಬಹುದಾದ್ದರಿಂದ, ರಿಮೋಟ್ ಗುಂಡಿ ಒತ್ತಿ ಹಿಡಿದೇ ಅಳೆದರು. ಈ ಎಚ್ಚರ ನನಗೆ ಬಹಳ ಹಿಡಿಸಿತು.

ಬಳಿಕ ಬಾಗಿಲಿನ ಒಳಹೊದಿಕೆಯಾದ ಡೋರ್ ಪ್ಯಾಡ್ ಬಿಚ್ಚಿ, ವೈರ್ ತುಂಡಾಗದಿರುವವರೆಗೆ ಬೀಪ್ ಎನ್ನುವ ಮಲ್ಟಿಮೀಟರನ್ನು ಹಿಡಿಕೆಯ ವೈರುಗಳಿಗೆ ಜೋಡಿಸಿ, ಬಾಗಿಲನ್ನು ನಿಧಾನವಾಗಿ ತೆರೆಯುತ್ತ ಮುಚ್ಚುತ್ತ ಹೋದಾಗ, ಅರ್ಧ ತೆರೆದ ಹಂತದಲ್ಲಿ ಮೀಟರಿನ ಬೀಪ್ ನಿಂತುಹೋಯಿತು. ಬಾಗಿಲಿನ ಕೀಲಿನ (ಹಿಂಜ್) ಬಳಿ ವೈರುಗಳು ಹಾಯುವ ರಬ್ಬರ್ ಕೊಳವೆಯೊಳಗೆ, ಮೇಲಿನ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇದ್ದು ಒಳಗಿನ ತಾಮ್ರದ ಎಳೆಗಳು ತುಂಡಾಗಿದ್ದವು. ಬೆಸುಗೆಯ ಜಾಗ ಮಡಚಿದರೆ ಬೇಗ ಮುರಿಯುತ್ತದೆಂದು ಕೊಳವೆಯುದ್ದಕ್ಕೂ ಹೊಸ ವೈರ್ ಹಾಯಿಸಿ, ಮಡಚದ ಎರಡು ಕಡೆಗಳಲ್ಲಿ ಬೆಸೆದು ಸ್ಲೀವ್ ಹಾಕಿದರು.

ಒಟ್ಟು 700 ರೂಪಾಯಿಯಾಯಿತು. ಮೂರು ವಾರಗಳಾದರೂ ಬಾಗಿಲು ಒಮ್ಮೆಯೂ ಕೈಕೊಟ್ಟಿಲ್ಲ. ಮುದ್ರಿತ ಬಿಲ್ ಇಲ್ಲದೆ ಕೈಬರಹದ ಚೀಟಿಯಷ್ಟೇ ಸಿಗುವುದು ಕೊರತೆಯೇ. ಡೋರ್ ಪ್ಯಾಡಿನ ಒಂದು ಕ್ಲಿಪ್ಪೂ ಮುರಿಯಿತು. ಹೋಗುವವರು ಎರಡೂ ಕೀಗಳನ್ನು ಒಯ್ಯಿರಿ. ಒಂದನ್ನೇ ತಂದಿದ್ದವರೊಬ್ಬರನ್ನು ನನ್ನೆದುರೇ ಮನೆಗೆ ವಾಪಸು ಕಳಿಸಿದರು.