ರೋಸಾ ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲು ಸೀಟು ಬಿಡದ ಹುಡುಗಿ

ನನ್ನ ಮಗಳಿಗೆ ಹನ್ನೆರಡು ವರ್ಷ. ರೋಸಾ ಪಾರ್ಕ್ಸ್ ಕಥೆ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಆದರೆ ಮನೆಯಲ್ಲಿದ್ದ ಚಿತ್ರಪುಸ್ತಕದಲ್ಲಿ ಇದ್ದದ್ದು ಇಷ್ಟೇ: ಅಮೆರಿಕದಲ್ಲಿ ಕೆಲಸ ಮುಗಿಸಿ ಸುಸ್ತಾಗಿದ್ದ ಕಪ್ಪು ಹೆಂಗಸೊಬ್ಬರು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲಿಲ್ಲ, ಕಾನೂನು ಬದಲಾಯಿತು. ಪ್ರಶ್ನೆ ಕೇಳೋಕೆ ಜಾಗವೇ ಇರಲಿಲ್ಲ.

ಈ ಬೇಸಿಗೆ ರಜೆಯಲ್ಲಿ ಫಿಲಿಪ್ ಹೂಸ್ ಬರೆದ ‘ಕ್ಲಾಡೆಟ್ ಕಾಲ್ವಿನ್: ಟ್ವೈಸ್ ಟುವರ್ಡ್ ಜಸ್ಟಿಸ್’ ಓದಿದೆವು. 2009ರ ಪುಸ್ತಕ. ರಾತ್ರಿ ಊಟ ಆದ ಮೇಲೆ ಅವಳು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದೋದು, ಕಷ್ಟ ಆದಲ್ಲಿ ನಾನು ಕನ್ನಡದಲ್ಲಿ ಬಿಡಿಸಿ ಹೇಳೋದು.

1955ರ ಮಾರ್ಚ್ 2, ಅಲಬಾಮಾದ ಮಾಂಟ್ಗೊಮರಿ. 15 ವರ್ಷದ ಕಪ್ಪು ಹುಡುಗಿ ಕ್ಲಾಡೆಟ್ ಶಾಲೆಯಿಂದ ಮನೆಗೆ ಹೊರಟಿದ್ದಳು. ಬಿಳಿಯ ಹೆಂಗಸೊಬ್ಬರಿಗೆ ಸೀಟು ಬಿಡು ಅಂದರೆ ಏಳಲಿಲ್ಲ. ಪೊಲೀಸರು ಕೋಳ ಹಾಕಿ ಕರೆದೊಯ್ದರು. ರೋಸಾ ಪಾರ್ಕ್ಸ್ ಬಂಧನ ಆದದ್ದು ಡಿಸೆಂಬರ್ 1ಕ್ಕೆ. ಮಗಳು ಓದೋದು ನಿಲ್ಲಿಸಿ, “ಹಾಗಾದ್ರೆ ಇವಳ ಹೆಸರು ಯಾಕಮ್ಮಾ ಯಾರಿಗೂ ಗೊತ್ತಿಲ್ಲ?” ಅಂದಳು.

ಪುಸ್ತಕ ಇದನ್ನು ಮುಚ್ಚಿಡಲ್ಲ. ಚಿಕ್ಕ ವಯಸ್ಸು, ಬಡವರ ಕೇರಿ, ಆಮೇಲೆ ಗರ್ಭಿಣಿಯೂ ಆದಳು. ಕಪ್ಪು ಜನರ ಹಕ್ಕಿನ ಚಳವಳಿಯ ದೊಡ್ಡವರು ಅವಳನ್ನು ಮುಂದೆ ನಿಲ್ಲಿಸಲಿಲ್ಲ. ಒಳ್ಳೆಯ ಕೆಲಸ ಮಾಡೋರೂ ಹೀಗೆ ಲೆಕ್ಕ ಹಾಕ್ತಾರಾ ಅಂತ ಎರಡು ರಾತ್ರಿ ಮಾತಾಡಿದೆವು. ಹಾಗಂತ ರೋಸಾ ಅವರನ್ನು ಸಣ್ಣವರನ್ನಾಗಿ ಮಾಡೋ ಪುಸ್ತಕ ಅಲ್ಲ ಇದು. ಅವರು ನಡೆಸುತ್ತಿದ್ದ ಯುವಕರ ಗುಂಪಿಗೆ ಕ್ಲಾಡೆಟ್ ಕೂಡ ಹೋಗುತ್ತಿದ್ದಳು.

ನಡುನಡುವೆ ಕ್ಲಾಡೆಟ್ ತಾನೇ ಮಾತಾಡುತ್ತಾಳೆ. ನನಗೆ ಜಾಸ್ತಿ ಹಿಡಿಸಿದ್ದು ಅದೇ. ಅಂಗಡಿಯಲ್ಲಿ ಕಪ್ಪು ಜನ ಶೂ ಹಾಕಿ ನೋಡುವಂತಿರಲಿಲ್ಲ. ಪೇಪರ್ ಚೀಲದ ಮೇಲೆ ಪಾದದ ಗೆರೆ ಎಳೆದು ಒಯ್ಯಬೇಕಿತ್ತು. ನನ್ನ ಮಗಳು ಹಳೇ ದಿನಪತ್ರಿಕೆ ಹಾಸಿ, ಅದರ ಮೇಲೆ ನಿಂತು, ಸ್ಕೆಚ್ ಪೆನ್ನಿನಿಂದ ಗೆರೆ ಎಳೆದಳು. “ಹಿಮ್ಮಡಿ ಹತ್ರ ಕಚ್ಚುತ್ತಾ ಇಲ್ವಾ ಅಂತ ಇದರಲ್ಲಿ ಹೇಗೆ ಗೊತ್ತಾಗುತ್ತೆ?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ದಿನ ಸಿಟಿ ಬಸ್ಸಿನಲ್ಲಿ, “ಇಲ್ಲೂ ಹೆಂಗಸರಿಗೆ ಬೇರೆ ಸೀಟು ಇದೆಯಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?” ಅಂತ ಕೇಳಿದಳು. ಯಾರಿಗೋಸ್ಕರ ಯಾರು ಏಳಬೇಕು, ಯಾಕೆ, ನೀನೇ ಬರಿ ಅಂದೆ. ಒಂದೂವರೆ ಪುಟ ಬರೆದಳು.

ಕೋರ್ಟಿನ ಭಾಗ ಸ್ವಲ್ಪ ಎಳೆದ ಹಾಗಿದೆ, ಹೆಸರುಗಳೂ ಜಾಸ್ತಿ. ಆದರೆ ಬಿಡಬೇಡಿ. ಬಸ್ಸಿನಲ್ಲಿ ಬಣ್ಣ ನೋಡಿ ಕೂರಿಸೋದನ್ನು ನಿಲ್ಲಿಸಿದ 1956ರ ಕೇಸಿನಲ್ಲಿ ಫಿರ್ಯಾದುದಾರರಾಗಿದ್ದ ನಾಲ್ವರು ಹೆಂಗಸರಲ್ಲಿ ಕ್ಲಾಡೆಟ್ ಒಬ್ಬಳು. ಹೆಸರಿನಲ್ಲಿರುವ ‘ಟ್ವೈಸ್’ ಅಂದರೆ ಇದೇ, ಎರಡನೇ ಸಲದ ಧೈರ್ಯ.

ಎಂಟು–ಒಂಬತ್ತು ವರ್ಷದವರಿಗೆ ಈಗಲೇ ಬೇಡ. ಏಳನೇ ಕ್ಲಾಸಿನಿಂದ ಮೇಲಿನವರಿಗೆ ಕೊಡಿ. ಗರ್ಭಿಣಿಯಾದ ಭಾಗವನ್ನು ಮೊದಲು ನೀವು ಓದಿಕೊಳ್ಳಿ, ಆಮೇಲೆ ಮಕ್ಕಳ ಜೊತೆ ಕೂತು ಓದಿ.